ಕ್ಷಿಪಣಿ ತಡೆಯುವ ಕ್ಷಿಪಣಿಯನ್ನು ಹಡಗಿನ ಮೇಲೆ ಯಾಕೆ ಇಡಬೇಕು?

ಸಪ್ತಾಪುರ ಓದುಗ, ಧಾರವಾಡ:
ಎಲ್ಲರಿಗೂ ನಮಸ್ಕಾರ. ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೇನೆ. ನೋಟ್ಸ್ ಮಾಡುವಾಗ ಒಂದು ಕಡೆ ಸಿಕ್ಕಿಹಾಕಿಕೊಂಡೆ. 2023ರ ಏಪ್ರಿಲ್ 21ರಂದು ಡಿಆರ್‌ಡಿಒ ಮತ್ತು ನೌಕಾಪಡೆ ಸೇರಿ ಒಡಿಶಾ ಕರಾವಳಿಯಾಚೆ ಸಮುದ್ರದಿಂದ ಬ್ಯಾಲಿಸ್ಟಿಕ್ ಕ್ಷಿಪಣಿ (ರಾಕೆಟ್ ಬಲದಿಂದ ಮೇಲೇರಿ, ಆಮೇಲೆ ಎಸೆದ ಕಲ್ಲಿನಂತೆ ಬಾಗಿ ಇಳಿಯುವಂಥದ್ದು) ತಡೆಯುವ ಕ್ಷಿಪಣಿ ಹಾರಿಸಿದವು, ಇದೇ ಮೊದಲ ಸಲ ಅಂತ ಇದೆ. ಆದರೆ ನೆಲದಿಂದ ಹಾರಿಸುವುದನ್ನು ನಮ್ಮವರು 2006ರಿಂದಲೇ ಪರೀಕ್ಷೆ ಮಾಡುತ್ತಿದ್ದಾರೆ ಅಲ್ವಾ? ಗಟ್ಟಿ ನೆಲ ಬಿಟ್ಟು ಓಲಾಡುವ ಹಡಗಿನ ಮೇಲೆ ಯಾಕೆ ಇಡಬೇಕು? ಇನ್ನೊಂದು, ಅಮೆರಿಕದವರು ಹಡಗಿನಿಂದ ಹಾರಿಸುವ ಇಂಥದ್ದೇ ಕ್ಷಿಪಣಿ ಎಸ್‌ಎಂ-3 ಮತ್ತು ನಮ್ಮದು ಎರಡೂ ಒಂದೇ ಅಂತ ರೂಮ್‌ಮೇಟ್ ವಾದ ಮಾಡುತ್ತಿದ್ದಾನೆ. ನನಗೆ ಒಪ್ಪಿಗೆ ಆಗಲಿಲ್ಲ, ಆದರೆ ಯಾಕೆ ಅಂತ ಹೇಳಲು ಬರಲಿಲ್ಲ.

ಗದಗದ ಮಾಜಿ ನಾವಿಕ:
ತಮ್ಮಾ, ನಾನು ಕ್ಷಿಪಣಿ ವಿಭಾಗದವನಲ್ಲ, ಆದರೆ ಹಡಗಿನ ಮೇಲೆ ಹದಿನೈದು ವರ್ಷ ಕಳೆದವನು. ಓಲಾಟದ ಚಿಂತೆ ಬಿಡು. ಹಡಗು ಎಷ್ಟು ವಾಲಿದೆ, ಯಾವ ಕಡೆ ತಿರುಗಿದೆ ಅನ್ನುವುದನ್ನು ಗೈರೋಗಳು ಕ್ಷಣಕ್ಷಣಕ್ಕೂ ಕಂಪ್ಯೂಟರಿಗೆ ಹೇಳುತ್ತಲೇ ಇರುತ್ತವೆ. ಕ್ಷಿಪಣಿ ಗೂಡಿನಿಂದ ನೆಟ್ಟಗೆ ಮೇಲೆದ್ದು ಆಮೇಲೆ ತಿರುಗುತ್ತದೆ, ದಾರಿಯಲ್ಲೂ ರೇಡಾರ್ ಅದನ್ನು ತಿದ್ದುತ್ತಾ ಹೋಗುತ್ತದೆ.

ಹಡಗಿನ ಬೆಲೆ ಇರುವುದು ಅದು ನಿಲ್ಲುವ ಜಾಗದಲ್ಲಿ. ನೆಲದ ಮೇಲಿನದು ಇಟ್ಟಲ್ಲೇ ಇರುತ್ತದೆ, ಸುತ್ತಲಿನ ಒಂದಷ್ಟು ಊರು ಕಾಯುತ್ತದೆ. ಹಡಗಾದರೆ ವೈರಿಯ ಕ್ಷಿಪಣಿ ಹಾದುಹೋಗುವ ದಾರಿಯ ಕೆಳಗೇ ಹೋಗಿ ನಿಲ್ಲಬಹುದು. ಮೊದಲೇ ತಡೆದಷ್ಟೂ ಹಿಂದಿರುವ ಜಾಸ್ತಿ ಊರುಗಳು ಉಳಿಯುತ್ತವೆ. ಅಂತರರಾಷ್ಟ್ರೀಯ ನೀರಿನಲ್ಲಿ ನಿಲ್ಲಲು ಯಾರ ಜಮೀನೂ ಕೇಳಬೇಕಿಲ್ಲ.

ಜಪಾನ್ ಕತೆ ನೋಡು. ಎಸ್‌ಎಂ-3ಯನ್ನೇ ನೆಲದ ಮೇಲೆ, ಎರಡು ಕಡೆ ಇಡಲು ಹೊರಟಿದ್ದರು. ಹಾರಿಸಿದ ಮೇಲೆ ಕಳಚಿ ಬೀಳುವ ಬೂಸ್ಟರ್, ಅಂದರೆ ಮೊದಲ ಹಂತದ ರಾಕೆಟ್, ಜನರ ಮನೆ ಮೇಲೆ ಬೀಳುವುದಿಲ್ಲ ಅಂತ ಖಾತ್ರಿ ಕೊಡಲು ಆಗಲಿಲ್ಲ. 2020ರಲ್ಲಿ ಯೋಜನೆ ಕೈಬಿಟ್ಟು ಹಡಗಿನ ದಾರಿ ಹಿಡಿದರು. ಸಮುದ್ರದಲ್ಲಿ ಬಿದ್ದರೆ ಯಾರ ಮನೆಗೂ ಧಕ್ಕೆ ಇಲ್ಲ.

ವಿದ್ಯಾನಗರ ಎಲೆಕ್ಟ್ರಾನಿಕ್ಸ್, ಹುಬ್ಬಳ್ಳಿ:
ಕಾಕಾ ಹೇಳಿದ್ದು ಸರಿ. ಎರಡನೇ ಪ್ರಶ್ನೆಗೆ ನಾನು ಬರುತ್ತೇನೆ, ಇದನ್ನೇ ಹುಡುಗರಿಗೆ ಪಾಠ ಮಾಡುವವನು.

ಎರಡೂ ಒಂದೇ ಅಲ್ಲ. 2023ರಲ್ಲಿ ನಮ್ಮವರು ಹಾರಿಸಿದ್ದು ವಾತಾವರಣದ ಒಳಗೆ ಹೊಡೆಯುವಂಥದ್ದು. ಅಂದರೆ ವೈರಿಯ ಕ್ಷಿಪಣಿ ಮೇಲೆ ಹೋಗಿ ಮತ್ತೆ ಕೆಳಗೆ ಇಳಿಯುವಾಗಿನ ಕೊನೆಯ ಹಂತ. ಎಸ್‌ಎಂ-3 ಹೊಡೆಯುವುದು ಗಾಳಿಯೇ ಇಲ್ಲದ ಕಡೆ. ಅಲ್ಲಿ ರೆಕ್ಕೆ ತಿರುಗಿಸಿ ದಾರಿ ಬದಲಿಸಲು ಆಗುವುದಿಲ್ಲ, ಅದಕ್ಕೇ ತುದಿಯಲ್ಲಿರುವ ಪುಟ್ಟ ವಾಹನ ತನ್ನ ಸಣ್ಣ ಸಣ್ಣ ರಾಕೆಟ್‌ಗಳನ್ನು ಉರಿಸಿ ಅತ್ತಿತ್ತ ಸರಿಯುತ್ತದೆ. ಅಂತರಿಕ್ಷದ ತಂಪಿನಲ್ಲಿ ಗುರಿಯ ಬಿಸಿಯನ್ನು ಇನ್‌ಫ್ರಾರೆಡ್ ಕಣ್ಣಿನಿಂದ ಹುಡುಕುತ್ತದೆ. ಸಿಡಿತಲೆಯಲ್ಲಿ ಮದ್ದೇ ಇಲ್ಲ, ಸುಮ್ನೆ ಹೋಗಿ ಡಿಕ್ಕಿ ಹೊಡೆಯುವುದು.

ಮದ್ದು ಬೇಡ ಯಾಕೆ ಅಂದರೆ, 2008ರ ಫೆಬ್ರವರಿಯಲ್ಲಿ ಲೇಕ್ ಈರಿ ಹಡಗು ಎಸ್‌ಎಂ-3ಯಿಂದ ಅಮೆರಿಕದ್ದೇ ಕೆಟ್ಟುಹೋದ ಒಂದು ಉಪಗ್ರಹ ಹೊಡೆಯಿತು, ಸುಮಾರು 247 ಕಿ.ಮೀ. ಎತ್ತರದಲ್ಲಿ. ಎರಡೂ ಎದುರುಬದುರಾಗಿದ್ದು ಸೆಕೆಂಡಿಗೆ ಹತ್ತಿರಹತ್ತಿರ 10 ಕಿ.ಮೀ. ವೇಗದಲ್ಲಿ. ನಮ್ಮ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಎರಡು ಸೆಕೆಂಡು! ಆ ವೇಗದಲ್ಲಿ ಒಂದು ಕೆ.ಜಿ. ಲೋಹ ಸುಮಾರು 12 ಕೆ.ಜಿ. ಟಿಎನ್‌ಟಿ ಸ್ಫೋಟಕದಷ್ಟು ಶಕ್ತಿ ಹೊತ್ತಿರುತ್ತದೆ. ನನಗೆ ಇದು ಪ್ರತಿ ಸಲವೂ ಮೈ ಜುಮ್ಮೆನ್ನಿಸುತ್ತದೆ.

ಇನ್ನು ಕಣ್ಣಿನ ಮಾತು. ಭೂಮಿ ದುಂಡಗಿರುವುದರಿಂದ ನೀರಿಗೆ ತಾಗಿ ಬರುವ ಕ್ಷಿಪಣಿ ಹಡಗಿನ ರೇಡಾರಿಗೆ ತೀರಾ ಹತ್ತಿರ ಬಂದ ಮೇಲೇ ಕಾಣುತ್ತದೆ. ಬ್ಯಾಲಿಸ್ಟಿಕ್ ಕ್ಷಿಪಣಿ ಹಾಗಲ್ಲ, 100 ಕಿ.ಮೀ. ಎತ್ತರ ಏರಿತು ಅಂದರೆ ಸಾವಿರ ಕಿ.ಮೀ.ಗಿಂತ ಹೆಚ್ಚು ದೂರದಿಂದಲೂ ನೇರ ನೋಟಕ್ಕೆ ಸಿಗುತ್ತದೆ, ರೇಡಾರಿಗೆ ಅಷ್ಟು ಬಲ ಇದ್ದರೆ. ಅದಕ್ಕೇ ಕ್ಷಿಪಣಿಗಿಂತ ರೇಡಾರ್ ಮಾಡುವುದೇ ಕಷ್ಟದ ಕೆಲಸ ಅಂತ ನನ್ನ ಅಭಿಪ್ರಾಯ. 2020ರ ನವೆಂಬರ್‌ನಲ್ಲಿ ಜಾನ್ ಫಿನ್ ಹಡಗು ಹವಾಯಿ ಹತ್ತಿರ ಖಂಡಾಂತರ ಕ್ಷಿಪಣಿಯಂಥ ಗುರಿಯನ್ನು ಹೊಡೆದಾಗ ಬೇರೆ ಕಡೆಯ ಸಂವೇದಕಗಳಿಂದ ಬಂದ ಮಾಹಿತಿಯನ್ನು ಬಳಸಿತ್ತು.

ಹಾವೇರಿ ಮಾಸ್ತರ:
ಇಬ್ಬರೂ ಚೆನ್ನಾಗಿ ಹೇಳಿದ್ದೀರಿ, ಆದರೆ ಮಿತಿಯನ್ನೂ ಹೇಳಬೇಕು ರೀ. ಅಮೆರಿಕದ ಆರ್ಲೀ ಬರ್ಕ್ ಜಾತಿಯ ಹಡಗಿನಲ್ಲಿ ಕ್ಷಿಪಣಿ ಇಡುವ 90 ಅಥವಾ 96 ಗೂಡು. ಅದರಲ್ಲೇ ವಿಮಾನ ಹೊಡೆಯುವುದು, ನೆಲಕ್ಕೆ ಹೊಡೆಯುವುದು, ಜಲಾಂತರ್ಗಾಮಿಗೆ ಹೊಡೆಯುವುದು ಎಲ್ಲಾ ತುಂಬಬೇಕು. ಖಾಲಿಯಾದರೆ ಸಾಮಾನ್ಯವಾಗಿ ಬಂದರಿಗೇ ವಾಪಸ್ ಹೋಗಬೇಕು. ವೈರಿ ಒಟ್ಟಿಗೆ ಹೆಚ್ಚು ಕ್ಷಿಪಣಿ ಬಿಟ್ಟರೆ ಲೆಕ್ಕ ಕೆಡುತ್ತದೆ.

ಮನುಷ್ಯರ ತಪ್ಪೂ ಇದೆ. 2017ರ ಜೂನ್‌ನಲ್ಲಿ ಹವಾಯಿ ಬಳಿ ಅಮೆರಿಕದ ಒಂದು ಪರೀಕ್ಷೆ ಕೆಟ್ಟಿತು. ಹಡಗಿನ ನಾವಿಕರೊಬ್ಬರು ಬರುತ್ತಿದ್ದ ಗುರಿಯನ್ನು ತಮ್ಮ ಕಡೆಯದೇ ಅಂತ ತಪ್ಪಾಗಿ ಗುರುತಿಸಿದರು, ಹಾರಿದ ಕ್ಷಿಪಣಿ ದಾರಿಯಲ್ಲೇ ತನ್ನನ್ನು ತಾನೇ ಸಿಡಿಸಿಕೊಂಡಿತು.

ಸಪ್ತಾಪುರ ಓದುಗ, ಧಾರವಾಡ:
ಕಾಕಾ, ಸರ್, ಮಾಸ್ತರರೇ, ತುಂಬಾ ಥ್ಯಾಂಕ್ಸ್. ರೂಮ್‌ಮೇಟ್‌ಗೆ ಈ ಪುಟವನ್ನೇ ತೋರಿಸಿದೆ, ಒಪ್ಪಿಕೊಂಡ. ಈಗ ಅವನದೇ ಪ್ರಶ್ನೆ: ಹಾಗಾದರೆ ಕಾರವಾರಕ್ಕೆ ಬರುವ ನಮ್ಮ ಯುದ್ಧಹಡಗುಗಳಿಗೆ ಇದು ಬಂದೇ ಬಿಟ್ಟಿತಾ?

ಗದಗದ ಮಾಜಿ ನಾವಿಕ:
ಪರೀಕ್ಷೆ ಆಯಿತು ಅಂದರೆ ಹಡಗಿಗೆ ಬಂತು ಅಂತಲ್ಲ ತಮ್ಮಾ. ಕೋಲ್ಕತಾ ಮತ್ತು ವಿಶಾಖಪಟ್ಟಣಂ ಜಾತಿಯ ನಮ್ಮ ಹಡಗುಗಳಲ್ಲಿ ಇರುವುದು ಬರಾಕ್-8, ಒಂದೊಂದರಲ್ಲಿ 32. ಅದರ ಮುಖ್ಯ ಕೆಲಸ ವಿಮಾನ ಮತ್ತು ಹಡಗಿಗೆ ಗುರಿ ಇಟ್ಟು ಬರುವ ಕ್ಷಿಪಣಿ ತಡೆಯುವುದು. ಬ್ಯಾಲಿಸ್ಟಿಕ್ ತಡೆಯಲು ಬೇರೆ ಕ್ಷಿಪಣಿ ಬೇಕು, ದೂರ ನೋಡುವ ರೇಡಾರ್ ಬೇಕು, ಅದಕ್ಕೆ ಕರೆಂಟ್ ಬೇಕು, ತಣ್ಣಗಿಡುವ ವ್ಯವಸ್ಥೆ ಬೇಕು, ಇದೆಲ್ಲ ಹಿಡಿಸುವ ಹಡಗು ಬೇಕು. ಎಸ್‌ಎಂ-3 ಗುರಿಗೆ ಮೊದಲ ಸಲ ಹೊಡೆದಿದ್ದು 2002ರಲ್ಲಿ. ನಿಜವಾದ ಕಾಳಗದಲ್ಲಿ ಮೊದಲು ಹಾರಿದ್ದು 2024ರ ಏಪ್ರಿಲ್‌ನಲ್ಲಿ, ಇರಾನ್ ಇಸ್ರೇಲಿನ ಮೇಲೆ ಕ್ಷಿಪಣಿ ಬಿಟ್ಟ ರಾತ್ರಿ. ನಡುವೆ 22 ವರ್ಷ. ನಮ್ಮವರು ಸಮುದ್ರದಿಂದ ಪರೀಕ್ಷೆ ಶುರು ಮಾಡಿದ್ದು 2023ರಲ್ಲಿ, ಅವರಿಗೂ ಸ್ವಲ್ಪ ಟೈಮ್ ಕೊಡಬೇಕು.