ಸ್ಕ್ರ್ಯಾಚ್‌ನಲ್ಲಿ 79ನೇ ಫಿಬೊನಾಚಿ ಸಂಖ್ಯೆ ತಪ್ಪು, ಆದರೆ ಸರಿ ಅಂತಾನೂ ಹೇಳುತ್ತಿದೆ!

ಬೆಕ್ಕಿನಲೆಕ್ಕ:
ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್ 3ರಲ್ಲಿ ಫಿಬೊನಾಚಿ ಸರಣಿ (ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು) ಮಾಡುತ್ತಿದ್ದೇನೆ. 78ನೇ ಸಂಖ್ಯೆಯವರೆಗೆ ಏನೂ ತೊಂದರೆಯಿಲ್ಲ. ಆಮೇಲೆ 5527939700884757ಕ್ಕೆ 8944394323791464 ಕೂಡಿಸಿದರೆ 14472334024676220 ಅನ್ನುತ್ತದೆ. ಏಳು ನಾಲ್ಕು ಹನ್ನೊಂದು, ಕೊನೆಗೆ 1 ಬರಬೇಕು ಅಲ್ವಾ? ಸರಿಯುತ್ತರವನ್ನು ನಾನೇ ಟೈಪ್ ಮಾಡಿ = ಬ್ಲಾಕ್‌ನಲ್ಲಿ ಹೋಲಿಸಿದೆ, ಎರಡೂ ಒಂದೇ ಅಂತ ಬಂತು. ತಲೆ ಕೆಟ್ಟಿದೆ.

ಎರಡರಘಾತ:
ನಿಮ್ಮ ಬ್ಲಾಕ್‌ಗಳಲ್ಲಿ ತಪ್ಪಿಲ್ಲ. ಸ್ಕ್ರ್ಯಾಚ್ 3 ಓಡುವುದು ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ, ಅಲ್ಲಿ ಸಂಖ್ಯೆಗೆ ಸಿಗುವುದು 64 ಬಿಟ್ (ಒಂದು 0 ಅಥವಾ 1 ಹಿಡಿಯುವ ಜಾಗ), ಅದರಲ್ಲೂ ಅಂಕಿಗಳಿಗೆ 53 ಮಾತ್ರ. ಹಾಗಾಗಿ 2ರ 53ನೇ ಘಾತ, ಅಂದರೆ 9007199254740992 ದಾಟಿದ ಮೇಲೆ ಬೆಸ ಸಂಖ್ಯೆಗೆ ಜಾಗವೇ ಇಲ್ಲ, ಪಕ್ಕದ ಸಮ ಸಂಖ್ಯೆಗೆ ಹೋಗಿ ಕೂರುತ್ತದೆ. ನೀವು ಟೈಪ್ ಮಾಡಿದ್ದನ್ನೂ = ಬ್ಲಾಕ್ ಮೊದಲು ಸಂಖ್ಯೆ ಮಾಡಿಕೊಳ್ಳುತ್ತದೆ, ಅದರ ಕೊನೆಯ 221 ಕೂಡ 220 ಆಗಿಬಿಡುತ್ತದೆ, ಇನ್ನೇನು ಹೇಳುತ್ತೆ ಪಾಪ. ಎರಡಕ್ಕೂ ಮುಂದೆ join ಬ್ಲಾಕ್‌ನಿಂದ ಒಂದು 'ಅ' ಸೇರಿಸಿ ಹೋಲಿಸಿ. ಆಗ ಅಕ್ಷರವಾಗಿ ನೋಡುತ್ತದೆ, ಬಣ್ಣ ಬಯಲಾಗುತ್ತದೆ.

ಸೊನ್ನೆಸುತ್ತು:
ಪರಿಹಾರ ಬೇಕಂದ್ರೆ ಲಿಸ್ಟ್ ಬಳಸಿ. ಸಂಖ್ಯೆಯನ್ನು ಬಲಗಡೆಯಿಂದ 15 ಅಂಕಿಗೊಂದು ತುಂಡು ಮಾಡಿ ಒಂದೊಂದು ಸಾಲಲ್ಲಿ ಇಡಿ, ಕೊನೆಯ ತುಂಡು ಮೊದಲ ಸಾಲಿಗೆ. ನಿಮ್ಮ 79ನೆಯದು 472334024676221 ಮತ್ತು 14 ಅಂತ ಎರಡು ಸಾಲಾಗುತ್ತದೆ. ಸಾಲಿಗೆ ಸಾಲು ಕೂಡಿಸಿ, ಮೊತ್ತ 1000000000000000 ಮುಟ್ಟಿದರೆ ಅಷ್ಟನ್ನು ಕಳೆದು ಮುಂದಿನ ಸಾಲಿಗೆ ದಶಕ 1. ಶಾಲೆಯ ಕೂಡಿಸುವ ಲೆಕ್ಕವೇ, ಸುಮ್ನೆ ಹೆದರಬೇಡಿ. ಮುಂದೆ ಗುಣಾಕಾರ ಮಾಡುವ ಆಸೆ ಇದ್ದರೆ ಮಾತ್ರ ಈಗಲೇ 7 ಅಂಕಿಯ ತುಂಡು ಮಾಡಿಕೊಳ್ಳಿ. 15 ಅಂಕಿಯ ಎರಡನ್ನು ಗುಣಿಸಿದರೆ 30 ಅಂಕಿ, ಮತ್ತೆ ಅದೇ ಗೋಳು.

ಬೆಕ್ಕಿನಲೆಕ್ಕ:
100ನೆಯದು 354224848179261915075, ಸರಿಯಾಗಿ ಬಂತು! ಆದರೆ ಮುಂದೆ ಎಲ್ಲೋ ಒಂದು ಸಂಖ್ಯೆ ಅದರ ಹಿಂದಿನದಕ್ಕಿಂತ ಒಂದಂಕಿ ಗಿಡ್ಡವಾಗಿದೆ?

ಸೊನ್ನೆಸುತ್ತು:
ತುಂಡಿನ ಎಡತುದಿಯ ಸೊನ್ನೆ ಹಾರಿಹೋಗಿದೆ. ಎಲ್ಲರೂ ಇಲ್ಲಿ ಎಡವುತ್ತಾರೆ, ನಾನು ಒಂದು ಸಂಜೆ ಪೂರ್ತಿ ಹುಡುಕಿದ್ದೆ. ಜೋಡಿಸುವ ಮುಂಚೆ ತುಂಡಿನ ಉದ್ದ 15 ಆಗುವವರೆಗೂ ಎಡಗಡೆ 0 ಸೇರಿಸುತ್ತಾ ಹೋಗಿ. ಎಲ್ಲಕ್ಕಿಂತ ಎಡಗಡೆಯ ತುಂಡಿಗೆ ಮಾತ್ರ ಬೇಡ.

ಬೆಕ್ಕಿನಲೆಕ್ಕ:
ಆಯ್ತು! 300ರವರೆಗೆ ಓಡಿಸಿದೆ, ಎಲ್ಲೂ ಗಿಡ್ಡ ಆಗಿಲ್ಲ.