ಜಿಂಕೆಗಂತ ಬಿತ್ತೋಕೆ ಹೊರಟಿದ್ದೀನಿ, ಸರಿನಾ? (ಪೆನ್ಸಿಲ್ವೇನಿಯಾ, 22 ಎಕರೆ)

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ರಾಣೆಬೆನ್ನೂರು ಕಡೆ, ಈಗ ಇರೋದು ಅಮೆರಿಕದ ಪೆನ್ಸಿಲ್ವೇನಿಯಾ. ಹೋದ ವರ್ಷ ಗುಡ್ಡದ ಇಳಿಜಾರಲ್ಲಿ 22 ಎಕರೆ ತಗೊಂಡ್ವಿ. 3 ಎಕರೆ ಹಳೇ ಹುಲ್ಲುಗಾವಲು, ಮಿಕ್ಕಿದ್ದು ಮೇಪಲ್, ಓಕ್ ಕಾಡು. ಬಿಳಿಬಾಲದ ಜಿಂಕೆ ದಿನಾ ಬರ್ತವೆ. ಆದ್ರೆ ಏಪ್ರಿಲ್‌ನಲ್ಲಿ ನೋಡಿದ್ರೆ ಮೈಮೇಲೆ ಕೂದಲು ಕಿತ್ತುಬಂದಂಗೆ, ಬಡಕಲು. ಪಾಪ ಅನ್ನಿಸ್ತು. ದೊಡ್ಡ ಕೊಂಬಿನ ಚಿತ್ರ ಇರೋ ಬೀಜದ ಚೀಲ ತಂದಿಟ್ಟಿದ್ದೀನಿ, ಕ್ಲೋವರ್ (ದ್ವಿದಳ ಮೇವಿನ ಸೊಪ್ಪು) ಮತ್ತು ಟರ್ನಿಪ್ (ಮೂಲಂಗಿ ಥರದ ಗಡ್ಡೆ) ಮಿಶ್ರಣ. ಈಗ ಸೆಪ್ಟೆಂಬರ್, ಈ ಶನಿವಾರವೇ ಬಿತ್ತಲಾ? ಚಳಿಗಾಲಕ್ಕೆ ಗೋವಿನಜೋಳ ಸುರಿದರೆ ಹೆಂಗೆ? ಅವ್ವಗೆ ಫೋನಲ್ಲಿ ಹೇಳಿದ್ರೆ, "ಚಿಗರಿ ಓಡಸಾಕ ನಿಮ್ಮಪ್ಪ ರಾತ್ರಿಯೆಲ್ಲಾ ಶೇಂಗಾ ಹೊಲದಾಗ ಮಲಗತಿದ್ದ, ನೀ ಅವಕ್ಕ ಬಿತ್ತಾಕ ಹೊಂಟಿ?" ಅಂದ್ಲು.

ಉತ್ತರ (ವನ್ಯಜೀವಿ ಆವಾಸ ತಜ್ಞೆ): ನಿಮ್ಮವ್ವನ ಪ್ರಶ್ನೆಯೇ ಚೆನ್ನಾಗಿದೆ! ಮೊದಲು ಗೋವಿನಜೋಳದ ವಿಷಯ ಮುಗಿಸೋಣ. ಬೇಡವೇ ಬೇಡ. ಜಿಂಕೆಯೂ ದನದ ಹಾಗೆ ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಚಳಿಗಾಲದಲ್ಲಿ ಮೊಗ್ಗು, ಎಳೆ ಕಡ್ಡಿ ಅರಗಿಸೋಕೆ ಒಗ್ಗಿಕೊಂಡಿರುತ್ತವೆ. ಹೊಸ ಮೇವಿಗೆ ಹೊಂದಿಕೊಳ್ಳೋಕೆ ಅವಕ್ಕೆ ಎರಡು ಮೂರು ವಾರ ಬೇಕು. ಇದ್ದಕ್ಕಿದ್ದಂತೆ ಪಿಷ್ಟದ ರಾಶಿ ಸಿಕ್ಕರೆ ಹೊಟ್ಟೆಯಲ್ಲಿ ಆಮ್ಲ ಏರಿ, ತಿಂದ ಜಿಂಕೆ ತುಂಬಿದ ಹೊಟ್ಟೆಯಲ್ಲೇ ಸಾಯಬಹುದು. ಊರಲ್ಲಿ ಕಾಳಿನ ಚೀಲಕ್ಕೆ ಬಾಯಿ ಹಾಕಿದ ಎಮ್ಮೆಗೆ ಏನಾಗುತ್ತೆ ಅಂತ ನೋಡಿರ್ತೀರಲ್ಲ, ಅದೇ ಕಥೆ. ಇನ್ನೊಂದು ಭಯ ಸಿಡಬ್ಲ್ಯುಡಿ ಅನ್ನೋ ಮೆದುಳಿನ ರೋಗ. ಮದ್ದಿಲ್ಲ, ಲಸಿಕೆಯಿಲ್ಲ. ಜೊಲ್ಲು, ಮೂತ್ರದಿಂದ ಹರಡುತ್ತೆ, ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತೆ. ಪೆನ್ಸಿಲ್ವೇನಿಯಾದಲ್ಲಿ 2012ರಲ್ಲಿ ಕಾಣಿಸಿಕೊಂಡಿತು. ಹತ್ತು ಜಿಂಕೆ ಒಂದೇ ರಾಶಿಗೆ ಮೂತಿ ಹಾಕಿದರೆ ಹರಡೋಕೆ ನಾವೇ ದಾರಿ ಮಾಡಿಕೊಟ್ಟಂತೆ. ರೋಗ ನಿಯಂತ್ರಣ ವಲಯಗಳಲ್ಲಿ ಜಿಂಕೆಗೆ ತಿನ್ನಿಸೋದು ಕಾನೂನಿನಲ್ಲೂ ತಪ್ಪು. ನಿಮ್ಮ ಜಾಗ ಅದರೊಳಗೆ ಬರುತ್ತಾ ಅಂತ ಗೇಮ್ ಕಮಿಷನ್ (ಅಲ್ಲಿಯ ವನ್ಯಜೀವಿ ಇಲಾಖೆ) ನಕ್ಷೆ ನೋಡಿಕೊಳ್ಳಿ.

ಏಪ್ರಿಲ್‌ನಲ್ಲಿ ಕೂದಲು ಕಿತ್ತುಬಂದಂತೆ ಕಾಣೋದು ಹೆಚ್ಚಾಗಿ ರೋಗ ಅಲ್ಲ, ಚಳಿಗಾಲದ ಕೋಟು ಉದುರುವ ಕಾಲ ಅದು. ಚಳಿಗಾಲದುದ್ದಕ್ಕೂ ಶರತ್ಕಾಲದ ಕೊಬ್ಬನ್ನೇ ಕರಗಿಸಿಕೊಂಡು ಬದುಕುವುದರಿಂದ ಆ ಹೊತ್ತಿಗೆ ಬಡಕಲಾಗಿರೋದೂ ಸಹಜ.

ಇನ್ನು ಬಿತ್ತನೆ. ಚೀಲ ಒಣಗಿದ ಜಾಗದಲ್ಲಿಡಿ, ಈ ಶನಿವಾರ ಮಣ್ಣು ತೆಗೆಯಿರಿ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಎಕ್ಸ್‌ಟೆನ್ಶನ್ ಕಚೇರಿಯಲ್ಲಿ ಮಣ್ಣು ಪರೀಕ್ಷೆ ಕಿಟ್ ಸಿಗುತ್ತೆ. ನಮ್ಮ ಕೃಷಿ ವಿಜ್ಞಾನ ಕೇಂದ್ರದ ಥರ ಅಂದುಕೊಳ್ಳಿ. ಆ ಗುಡ್ಡಗಳ ಮಣ್ಣು ಸಾಮಾನ್ಯವಾಗಿ ಹುಳಿ, ಕ್ಲೋವರ್‌ಗೆ ಪಿಎಚ್ (ಮಣ್ಣಿನ ಹುಳಿಯ ಅಳತೆ, 7ಕ್ಕಿಂತ ಕಡಿಮೆಯಾದಷ್ಟೂ ಹುಳಿ) 6ರಿಂದ 7 ಬೇಕು. ಸುಣ್ಣ ಹಾಕದೆ ಬಿತ್ತಿದರೆ ಬೀಜದ ದುಡ್ಡು ಮಣ್ಣುಪಾಲು. ಸುಣ್ಣ ಕೆಲಸ ಮಾಡೋಕೆ ತಿಂಗಳುಗಳು ಬೇಕು. ಅದಕ್ಕೇ ಈಗ ಹಾಕಿ, ಕ್ಲೋವರನ್ನು ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಎರಚಿ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ನೆಲ ಎರೆ ಭೂಮಿ ಹಾಗೆ ಬಿರುಕು ಬಿಟ್ಟು ಬೀಜವನ್ನು ತಾನೇ ಒಳಗೆಳೆದುಕೊಳ್ಳುತ್ತೆ. ರಾಗಿಗಿಂತ ಸಣ್ಣ ಬೀಜ ಅದು, ಕಾಲು ಇಂಚಿಗಿಂತ ಆಳ ಹೋದರೆ ಹುಟ್ಟೋದು ಕಷ್ಟ. ಊರಲ್ಲಿ ಬೆಲ್ಲದ ನೀರಲ್ಲಿ ಕಲಸಿ ಕಾಳಿಗೆ ರೈಜೋಬಿಯಂ ಅನ್ನೋ ಜೀವಾಣು ಗೊಬ್ಬರ ಹಚ್ಚುತ್ತಾರಲ್ಲ, ಇದಕ್ಕೂ ಬೇಕು, ಆದರೆ ಕ್ಲೋವರ್‌ನದೇ ತಳಿ. ಕೆಲವು ಬೀಜ ಹಚ್ಚಿಯೇ ಬಂದಿರುತ್ತೆ, ಚೀಲದ ಮೇಲೆ ಓದಿ ನೋಡಿ. ಅಲ್ಲಿಯವರೆಗೆ ಕೈ ಸುಮ್ಮನಿರದಿದ್ದರೆ ಒಂದು ಎಕರೆಗೆ ರೈ ಧಾನ್ಯ ಬಿತ್ತಿ. ಹುಳಿ ಮಣ್ಣನ್ನೂ ತಾಳಿಕೊಳ್ಳುತ್ತೆ, ಹಿಮ ಕರಗುವಾಗ ಹಸಿರಾಗಿರುತ್ತೆ. ರೈಗ್ರಾಸ್ ಅಂತ ಇನ್ನೊಂದಿದೆ, ಅದು ಬೇರೆ, ಅದನ್ನು ತರಬೇಡಿ.

ಒಂದು ಮಾತು ಕೇಳ್ತೀನಿ: ಕಾಡಿನೊಳಗೆ ನೆಲದ ಮೇಲೆ ಏನಿದೆ?

ಪ್ರಶ್ನೆ ಕೇಳಿದವರು: ಜರಿಗಿಡ ಮೇಡಂ, ಮೊಣಕಾಲೆತ್ತರ, ಹಸಿರು ಜಮಖಾನ ಹಾಸಿದಂಗೆ. ಅದನ್ನ ನೋಡೇ ಈ ಜಾಗ ತಗೊಂಡಿದ್ದು. ಎಳೇ ಓಕ್ ಮಾತ್ರ ಒಂದೂ ಕಾಣ್ಲಿಲ್ಲ.

ಉತ್ತರ: ಆ ಜಮಖಾನವೇ ನಿಮ್ಮ ಜಿಂಕೆಗಳ ಹಸಿವು. ಜರಿಯನ್ನು ಅವು ಮುಟ್ಟಲ್ಲ. ಓಕ್, ಮೇಪಲ್ ಸಸಿ, ಕಾಡುಹೂವು ಎಲ್ಲ ವರ್ಷಾನುಗಟ್ಟಲೆ ಮೇಯ್ದು ಮುಗಿಸಿದ ಮೇಲೆ ಉಳಿದದ್ದು ಅದು. ಬಿಳಿಬಾಲದ ಜಿಂಕೆ ಹುಲ್ಲು ಮೇಯುವ ದನ ಅಲ್ಲ, ಆಡಿನ ಹಾಗೆ ಚಿಗುರು, ಎಲೆ, ಕಾಯಿ ಆರಿಸಿ ತಿನ್ನುತ್ತೆ. ಅದರ ಬಾಯಿಗೆ ಎಟಕುವುದು ಐದಡಿ. ನಿಮ್ಮ 19 ಎಕರೆಯ ಎಲೆಯೆಲ್ಲ ಅರವತ್ತಡಿ ಮೇಲಿದೆ. ಹಾಗಾಗಿ ನಾನಾದರೆ ದುಡ್ಡನ್ನು ಬೀಜಕ್ಕಿಂತ ಗರಗಸಕ್ಕೆ ಹಾಕ್ತಿದ್ದೆ. ಚಳಿಗಾಲದಲ್ಲಿ ಅರ್ಧ ಎಕರೆಯ ಒಂದೆರಡು ಕಡೆ ಕೆಂಪು ಮೇಪಲ್ ಕಡಿಸಿ, ಓಕ್ ಬಿಡಿ. ಬಿದ್ದ ರೆಂಬೆಯ ಮೊಗ್ಗು ಅಂದೇ ಮೇವು, ಬುಡ ಬೇಸಿಗೆಗೆ ಚಿಗುರುತ್ತೆ, ಮರಿ ಅಡಗಿಕೊಳ್ಳೋಕೆ ಪೊದೆಯೂ ಆಗುತ್ತೆ. ಆದರೆ ಜರಿ ಹಾಗೇ ಬಿಟ್ಟು ಮರ ಕಡಿದರೆ ಬೆಳಕೆಲ್ಲ ಜರಿಗೇ. ಮೊದಲು ಅದನ್ನು ತೆಗೆಸಬೇಕು. ನಿಮ್ಮ ಕೌಂಟಿಯ (ಜಿಲ್ಲೆಯ) ಸರ್ವಿಸ್ ಫಾರೆಸ್ಟರ್, ಅಂದರೆ ಸರ್ಕಾರದ ಅರಣ್ಯ ಸಲಹೆಗಾರರು, ಬಂದು ನೋಡಿದ ಮೇಲೆಯೇ ಗರಗಸ ಎತ್ತಿ.

ಪ್ರಶ್ನೆ ಕೇಳಿದವರು: ಚಿಗುರಿದ್ದನ್ನೂ ತಿಂದು ಮುಗಿಸಿದ್ರೆ?

ಉತ್ತರ: ತಿಂದು ಮುಗಿಸಬಹುದು. ನಾಲ್ಕು ಗೂಟ ನೆಟ್ಟು ತಂತಿ ಬಲೆ ಸುತ್ತಿ ಪಂಜರ ಮಾಡಿ, ಮೇವಿನ ತಾಕಿನಲ್ಲೊಂದು, ಕಡಿದ ಜಾಗದಲ್ಲೊಂದು. ಒಳಗೆ ಮೊಣಕಾಲುದ್ದ, ಹೊರಗೆ ಬೋಳು ಅಂದರೆ ಬಾಯಿಗಳೇ ಜಾಸ್ತಿ. ಅಲ್ಲಿ ತೋಳವೂ ಇಲ್ಲ, ಪ್ಯೂಮಾವೂ ಇಲ್ಲ, ಎರಡನ್ನೂ ಮನುಷ್ಯರೇ ಮುಗಿಸಿದ್ದಾರೆ. ಹೆಣ್ಣು ಜಿಂಕೆ ವರ್ಷಕ್ಕೆ ಎರಡು ಮರಿ ಹಾಕೋದು ಸಾಮಾನ್ಯ. ನಿಮ್ಮ ಮನೆಯಲ್ಲಿ ಬೇಟೆ ಆಗದ ಮಾತು ಇರಬಹುದು, ನಮ್ಮಲ್ಲೂ ಹಾಗೇ ಇತ್ತು. ಆದರೂ ಹೇಳ್ತೀನಿ: ಲೈಸೆನ್ಸ್ ಇರೋ ಪಕ್ಕದವರಿಗೆ ಋತುವಿನಲ್ಲಿ ಹೆಣ್ಣು ಜಿಂಕೆ ಹೊಡೆಯಲು ಅನುಮತಿ ಕೊಡೋದು ಆ ಕಾಡಿಗೆ ನೀವು ಹಾಕುವ ಯಾವ ಬೀಜಕ್ಕಿಂತ ದೊಡ್ಡ ಉಪಕಾರ.

ಇನ್ನೊಬ್ಬ ಸದಸ್ಯರು: ಮೇಡಂ, ನಮ್ಮ ಜಮೀನು ಗುಂಡ್ಲುಪೇಟೆ ತಾಲ್ಲೂಕು, ಬಂಡೀಪುರದ ಅಂಚು. ನಾವೂ ಜಿಂಕೆಗೆ ಒಂದೆರಡು ಗುಂಟೆ ಬಿಡಬಹುದಾ?

ಉತ್ತರ: ಬೇಡ ಸರ್. ಜಿಂಕೆ ಬಂದ ಕಡೆ ಚಿರತೆ ಬರುತ್ತೆ, ಹಸಿರು ಮೇವಿಗೆ ಆನೆಯೂ ಬರುತ್ತೆ, ಅನುಭವಿಸೋದು ಪಕ್ಕದ ಜಮೀನಿನವರು. 1972ರ ವನ್ಯಜೀವಿ ಕಾಯ್ದೆಯಲ್ಲಿ ಆಮಿಷ ಒಡ್ಡುವುದೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತೆ, ಅದೂ ನೆನಪಿರಲಿ. ನಮ್ಮ ಚುಕ್ಕೆ ಜಿಂಕೆ ಬಹುಪಾಲು ಹುಲ್ಲು ಮೇಯುವ ಪ್ರಾಣಿ, ಅದರ ಮೇವನ್ನು ಕಾಡಿನೊಳಗೆ ನುಂಗಿರೋದು ಲಂಟಾನ ಅನ್ನೋ ಕಳೆಪೊದೆ. ಅದನ್ನು ಬುಡಸಮೇತ ಕಿತ್ತು ಹಡ್ಲುಗಳಲ್ಲಿ (ಕಾಡಿನೊಳಗಿನ ತಗ್ಗು ಜೌಗು ಹುಲ್ಲುಗಾವಲು) ಹುಲ್ಲು ಉಳಿಸೋದೇ ಅಲ್ಲಿಯ ಮೇವಿನ ತಾಕು, ಅದು ಇಲಾಖೆಯ ಕೆಲಸ. ಕಾಡಿನ ನೆಲ್ಲಿಕಾಯಿಯನ್ನು ಪೂರ್ತಿ ಉದುರಿಸಿಕೊಂಡು ಬರದಂತೆ ಊರವರಿಗೆ ಹೇಳಿ. ಜಿಂಕೆ ಅದನ್ನು ನುಂಗಿ, ಮೆಲುಕು ಹಾಕುವಾಗ ಬೀಜ ಉಗುಳುತ್ತೆ, ಹೊಸ ನೆಲ್ಲಿ ಗಿಡ ಹುಟ್ಟೋದು ಹಾಗೆ.

ಪ್ರಶ್ನೆ ಕೇಳಿದವರು: ಮಣ್ಣು ಪರೀಕ್ಷೆ ಕಿಟ್ ತರಿಸ್ತೀನಿ. ಗೋವಿನಜೋಳ ಕ್ಯಾನ್ಸಲ್. ಪಕ್ಕದವರ ವಿಷಯ ಮನೇಲಿ ಮಾತಾಡ್ಬೇಕು.

ಉತ್ತರ: ಮಾತಾಡಿ, ಅವಸರವಿಲ್ಲ. ಪಂಜರ ಮಾತ್ರ ಹಿಮ ಬೀಳುವ ಮುಂಚೆ ನೆಡಿ. ಜೂನ್‌ನಲ್ಲಿ ಒಳಗಿನದು, ಹೊರಗಿನದು ಎರಡೂ ಕಾಣುವಂತೆ ಫೋಟೊ ತೆಗೆದು ಇಲ್ಲೇ ಹಾಕಿ.