ಬಾವೀಲಿ ನೀರಿದೆ, ಹ್ಯಾಂಡ್ ಪಂಪಲ್ಲಿ ಬರ್ತಿಲ್ಲ. ಫುಟ್ ವಾಲ್ವ್, ಸಿಲಿಂಡರ್, ಎರಡಿಂಚು ನೀರು ಇದೆಲ್ಲ ಏನು?

ಗಾಳಿಬೀಡು_ಹೊಸಬ:
ಎಲ್ರಿಗೂ ನಮಸ್ಕಾರ. ಹದಿನೈದು ವರ್ಷ ಬೆಂಗಳೂರಲ್ಲಿ ನಲ್ಲಿ ತಿರುಗಿಸಿ ನೀರು ಕುಡಿದವನು ನಾನು, ಈಗ ಮಡಿಕೇರಿ ಹತ್ರ ಗಾಳಿಬೀಡು ಕಡೆ ಅಜ್ಜಿ ಮನೇಲಿ ಬಂದು ಕೂತಿದೀನಿ. ಅಂಗಳದಲ್ಲಿ ಒಂದು ತೆರೆದ ಬಾವಿ, ಅದ್ರ ಮೇಲೆ ಸಣ್ಣ ಹ್ಯಾಂಡ್ ಪಂಪು. ಕೆಳಗೆ ತೋಟದ ಕೆಲಸಗಾರರ ಲೈನ್‌ಮನೆ ಹತ್ರ ಹಳೇ ಬೋರು, ಅದಕ್ಕೆ ಸರ್ಕಾರಿ ಶಾಲೆ ಮುಂದೆ ಇರುತ್ತಲ್ಲ ಆ ತರದ ದಪ್ಪ ಪಂಪು. ಮಳೆಗಾಲದಲ್ಲಿ ಬಾವಿ ಪಂಪು ಎರಡು ಸಲ ಒತ್ತಿದ್ರೆ ನೀರು ಸುರೀತಿತ್ತು, ಈಗ ಏಪ್ರಿಲ್‌ನಲ್ಲಿ ಎಷ್ಟು ಒತ್ತಿದ್ರೂ ಬರೀ ಗೊರಗೊರ ಸದ್ದು. ಆದ್ರೆ ಹಗ್ಗಕ್ಕೆ ಬಕೆಟ್ ಕಟ್ಟಿ ಬಿಟ್ರೆ ತುಂಬ್ಕೊಂಡೇ ಬರುತ್ತೆ! ಮೆಕ್ಯಾನಿಕ್ ಒಬ್ರು ಬಂದು ಫುಟ್ ವಾಲ್ವ್ ಹೋಗಿದೆ, ಕೆಳಗಿನ ಪಂಪಿಗೆ ಸಿಲಿಂಡ್ರು ವಾಸರ್ ಹೋಗಿದೆ, ಇದೆಲ್ಲ ರಿಪೇರಿ ಮಾಡೋದಕ್ಕಿಂತ ಹೊಸ ಬೋರ್ ಹೊಡೆಸಿ, ಕೇಸಿಂಗ್ ಬೇರೆ ರೇಟು, ಎರಡಿಂಚು ನೀರು ಗ್ಯಾರಂಟಿ ಅಂದ್ರು. ನಾನು ತಲೆ ಆಡಿಸಿದೆ, ಒಂದೂ ಅರ್ಥ ಆಗಿಲ್ಲ. ಎರಡಿಂಚು ಅಂದ್ರೆ ಎರಡಿಂಚಿನ ಪೈಪಾ?

ಬಾವಿಕಟ್ಟೆ:
ದುಡ್ಡು ಕೊಡಬೇಡಿ ಸ್ವಲ್ಪ ತಡೀರಿ. ಬಕೆಟ್‌ಗೆ ಸಿಗೋ ನೀರು ಪಂಪಿಗೆ ಸಿಗ್ತಿಲ್ಲ ಅಂದ್ರೆ ಬಾವಿ ಬತ್ತಿಲ್ಲ, ನೀರು ಪಂಪಿನ ಕೈಗೆ ಸಿಗದಷ್ಟು ಕೆಳಗೆ ಹೋಗಿದೆ. ನಿಮ್ಮ ಅಂಗಳದ್ದು ಸಕ್ಷನ್ ಪಂಪು, ಅಂದ್ರೆ ಪಿಸ್ಟನ್ ಮೇಲೇ ಇರುತ್ತೆ, ಸ್ಟ್ರಾ ಹಾಕಿ ಎಳನೀರು ಎಳೆದ ಹಾಗೆ ಕೆಲಸ. ನಾವು ಎಳೀತೀವಿ ಅಂದ್ಕೋತೀವಿ, ನಿಜವಾಗಿ ಹೊರಗಿನ ಗಾಳಿ ಒತ್ತಡ ನೀರನ್ನ ಮೇಲಕ್ಕೆ ತಳ್ಳೋದು. ಸಮುದ್ರ ಮಟ್ಟದಲ್ಲಿ ಅದು ಲೆಕ್ಕದ ಪ್ರಕಾರ 34 ಅಡಿವರೆಗೆ ತಳ್ಳುತ್ತೆ. ಮಡಿಕೇರಿ ಇರೋದು ಸುಮಾರು 1,150 ಮೀಟರ್ ಎತ್ತರದಲ್ಲಿ, ಇಲ್ಲಿ ಗಾಳಿ ತೆಳು, ಲೆಕ್ಕ 29-30 ಅಡಿಗೆ ಬಂತು, ಅದೂ ಪಂಪು ಹೊಚ್ಚ ಹೊಸದಾಗಿ ಒಂದು ಚೂರೂ ಗಾಳಿ ಸೋರದೇ ಇದ್ರೆ. ನಮ್ಮ ಮನೆ ಪಂಪುಗಳಿಗೆ 20 ಅಡಿ ದಾಟಿದ್ರೆ ಉಸಿರು ಕಟ್ಟುತ್ತೆ. ಮಂಗಳೂರಲ್ಲಿ ನಡೆಯೋ ಪಂಪು ಘಟ್ಟ ಹತ್ತಿದ ಮೇಲೆ ಯಾಕೆ ಮುನಿಸ್ಕೊಳ್ಳುತ್ತೆ ಅಂದ್ರೆ ಇದೇ.

ಫುಟ್ ವಾಲ್ವ್ ಅಂದ್ರೆ ಪೈಪಿನ ತುದೀಲಿ ನೀರೊಳಗೆ ಇರೋ ಬಾಗಿಲು, ಒಳಗೆ ಬಂದ ನೀರನ್ನ ವಾಪಸ್ ಬಿಡಲ್ಲ. ಅದು ಹೋಗಿದ್ರೆ ರಾತ್ರಿ ಎಲ್ಲ ಪೈಪಿನ ನೀರು ಇಳಿದುಹೋಗುತ್ತೆ, ಬೆಳಿಗ್ಗೆ ಮೇಲಿಂದ ಒಂದು ಚೊಂಬು ನೀರು ಕುಡಿಸಬೇಕು, ಅದೇ ಪ್ರೈಮಿಂಗ್. ಕುಡಿಸಿದ ಮೇಲೆ ದಿನವಿಡೀ ಸರಿ ಬಂದ್ರೆ ವಾಲ್ವ್ ತೊಂದ್ರೆ. ಕುಡಿಸಿದ್ರೂ ಬರಲ್ಲ ಅಂದ್ರೆ ನೀರಿನ ಮಟ್ಟ ನೋಡಿ. ಕುಡಿಸೋಕೆ ಪಾಚಿ ಕಟ್ಟಿದ ಡ್ರಮ್ಮಿನ ನೀರು ಮಾತ್ರ ಹಾಕ್ಬೇಡಿ, ಅದು ನೇರ ನೀವು ಕುಡಿಯೋ ಬಾವಿಗೇ ಇಳಿಯೋದು.

ಮೊದ್ಲು ಹಗ್ಗಕ್ಕೆ ಕಲ್ಲು ಕಟ್ಟಿ ಅಳೀರಿ. ಬೆಳಿಗ್ಗೆ ಯಾರೂ ನೀರು ತೆಗೆಯೋ ಮುಂಚೆ ಇರೋ ಮಟ್ಟಕ್ಕೆ ಸ್ಟ್ಯಾಟಿಕ್ ಲೆವೆಲ್ ಅಂತಾರೆ, ಒಂದು ಗಂಟೆ ಎತ್ತಿದ ಮೇಲೆ ಇರೋದು ಪಂಪಿಂಗ್ ಲೆವೆಲ್. ಎಷ್ಟು ಬೇಗ ಮತ್ತೆ ಏರುತ್ತೆ ಅನ್ನೋದರಲ್ಲಿ ಒರತೆ ಎಷ್ಟಿದೆ ಅಂತ ಗೊತ್ತಾಗುತ್ತೆ.

ಸ್ಪ್ಯಾನರ್_ಮಾಮ:
ಕೆಳಗಿನ ದಪ್ಪ ಪಂಪು ಇಂಡಿಯಾ ಮಾರ್ಕ್ 2 ಇರಬೇಕು. ಅದ್ರ ಕತೆ ಬೇರೆ, ಅದು ಎಳೆಯಲ್ಲ, ಎತ್ತುತ್ತೆ. ಸಿಲಿಂಡ್ರು, ಅಂದ್ರೆ ಪಿಸ್ಟನ್ ಓಡಾಡೋ ಕೊಳವೆ, ನೀರೊಳಗೇ ಕೂತಿರುತ್ತೆ, ಅದಕ್ಕೇ 45 ಮೀಟರ್ ಆಳದವರೆಗೂ ನಡೆಯುತ್ತೆ. ಹ್ಯಾಂಡಲ್ ಒತ್ತಿದ್ರೆ ತಲೆಯೊಳಗಿನ ಚೈನ್ ರಾಡನ್ನ ಎತ್ತುತ್ತೆ, ರಾಡು ಪ್ಲಂಜರನ್ನ (ಅದೇ ಪಿಸ್ಟನ್) ಎತ್ತುತ್ತೆ, ಪ್ಲಂಜರ್ ಸುತ್ತ ಇರೋ ಬಟ್ಟಲು ಆಕಾರದ ವಾಸರ್ ನೀರನ್ನ ಸೋರದ ಹಾಗೆ ಹಿಡ್ಕೊಂಡು ರೈಸರ್ ಪೈಪಲ್ಲಿ ಮೇಲೆ ತರುತ್ತೆ. ಸರಿ ಇರೋ ಪಂಪು 40 ಸಲ ಒತ್ತಿದ್ರೆ ಸುಮಾರು 15 ಲೀಟರ್, ಒಂದು ದೊಡ್ಡ ಬಕೆಟ್ ತುಂಬಬೇಕು. ಎಣಿಸಿ ನೋಡಿ.

ಬಕೆಟ್ ಅರ್ಧಕ್ಕೇ ನಿಂತ್ರೆ ವಾಸರ್ ಸವೆದಿದೆ. ಇಪ್ಪತ್ತು ಮೂವತ್ತು ಸಲ ಒತ್ತಿದ ಮೇಲೆ ನೀರು ಶುರು ಆಗಿ ಆಮೇಲೆ ಚೆನ್ನಾಗಿ ಬಂದ್ರೆ ಕೆಳಗಿನ ವಾಲ್ವೋ ಪೈಪ್ ಜಾಯಿಂಟೋ ಸೋರ್ತಿದೆ. ಹ್ಯಾಂಡಲ್ ಇದ್ದಕ್ಕಿದ್ದ ಹಾಗೆ ಹಗುರ ಆಗಿ ಹನಿ ನೀರೂ ಇಲ್ಲ ಅಂದ್ರೆ ರಾಡ್ ತುಂಡಾಗಿದೆ. ಚೆನ್ನಾಗಿ ಬಂದು ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ಬಂದ್ರೆ ಪಂಪಿನ ತಪ್ಪಲ್ಲ, ನೀರು ಸಿಲಿಂಡ್ರಿಗಿಂತ ಕೆಳಗೆ ಹೋಗಿದೆ, ಬೋರಲ್ಲಿ ಆಳ ಉಳಿದಿದ್ರೆ 10 ಅಡಿ ಪೈಪು ಇನ್ನೊಂದು ಸೇರಿಸಬಹುದು. ವಾಸರ್ ಅಗ್ಗ, ಖರ್ಚು ಇರೋದು ಕೂಲೀಲಿ, ಯಾಕಂದ್ರೆ ಮಾರ್ಕ್ 2ರಲ್ಲಿ ಅಷ್ಟು ಚಿಕ್ಕ ವಾಸರಿಗೂ ಇಡೀ ಪೈಪ್ ಸಾಲು ಹೊರಗೆ ತೆಗೀಬೇಕು. ಆಮೇಲೆ ಬಂದ ಮಾರ್ಕ್ 3ರಲ್ಲಿ ಪೈಪ್ ದಪ್ಪ, ರಾಡ್ ಜೊತೆ ಪ್ಲಂಜರ್ ಅದ್ರೊಳಗಿಂದಲೇ ಎದ್ದು ಬರುತ್ತೆ. ಪೈಪ್ ಎತ್ತುವಾಗ ನೀವು ಪಕ್ಕದಲ್ಲೇ ನಿಂತಿರಿ, ಒಂದು ಪೈಪ್ ಜಾರಿ ಬೋರೊಳಗೆ ಬಿದ್ರೆ ಅದನ್ನ ತೆಗೆಯೋಕೆ ದೇವರೇ ಬರಬೇಕು (ನಮ್ಮ ತೋಟದಲ್ಲಿ ಇನ್ನೂ ಒಳಗೇ ಇದೆ).

ಕುಶಾಲನಗರ_ಕಡೆಯವ:
ಎರಡಿಂಚು ಅಂದ್ರೆ ಪೈಪ್ ಅಲ್ಲ ಮಾರಾಯ್ರೆ. ಬೋರಿನ ನೀರನ್ನ ವಿ ಆಕಾರದ ಕಚ್ಚು ಇರೋ ತಗಡಿನ ಮೇಲೆ ಹರಿಸಿ, ಕಚ್ಚಿನಲ್ಲಿ ನೀರು ಎಷ್ಟು ಇಂಚು ಎತ್ತರ ನಿಲ್ಲುತ್ತೆ ಅಂತ ನೋಡೋದು. 90 ಡಿಗ್ರಿ ಕಚ್ಚಲ್ಲಿ ಒಂದಿಂಚು ಅಂದ್ರೆ ಗಂಟೆಗೆ ಸುಮಾರು 500 ಲೀಟರ್, ಎರಡಿಂಚು ಅಂದ್ರೆ ಸಾವಿರ ಅಲ್ಲ, 2,800 ಲೀಟರ್ ದಾಟುತ್ತೆ. ಐದೂವರೆ ಪಟ್ಟು! ಒಂದೂವರೆ ಇಂಚನ್ನ ಎರಡಿಂಚು ಅಂತ ಬಾಯಲ್ಲಿ ಹೇಳೋದು ಅದಕ್ಕೇ ಸುಲಭ. ನೆಲದೊಳಗಿನ ನೀರಿಗೆ ಗ್ಯಾರಂಟಿ ಕೊಡೋರನ್ನ ನಾನಂತೂ ಗೇಟಿಂದಲೇ ವಾಪಸ್ ಕಳಿಸ್ತೀನಿ.

ಕೇಸಿಂಗ್ ಅಂದ್ರೆ ಮೇಲಿನ ಮಣ್ಣು ಕುಸಿದು ಬೋರೊಳಗೆ ಬೀಳದ ಹಾಗೆ ಇಳಿಸೋ ಪೈಪು, ಗಟ್ಟಿ ಬಂಡೆ ಸಿಕ್ಕಿ ಅದ್ರೊಳಗೆ ಸ್ವಲ್ಪ ಕೂರೋವರೆಗೂ ಹೋಗ್ಬೇಕು. ನಮ್ಮ ಗುಡ್ಡದ ಕೆಂಪು ಮಣ್ಣು ಕೆಲವು ಕಡೆ ಎಷ್ಟು ದಪ್ಪ ಇರುತ್ತೆ ಅಂದ್ರೆ ಬೋರಿಗಿಂತ ಕೇಸಿಂಗ್ ಬಿಲ್ಲೇ ಜಾಸ್ತಿ ಆಗಿಬಿಡುತ್ತೆ. ಅಡಿ ಉಳಿಸೋಕೆ ಹೋಗಿ ಬಂಡೆ ಮುಟ್ಟೋ ಮುಂಚೆ ನಿಲ್ಲಿಸಿದ್ರೆ ಪ್ರತೀ ಜೂನ್‌ನಲ್ಲಿ ಟೀ ಬಣ್ಣದ ನೀರು.

ಗಾಳಿಬೀಡು_ಹೊಸಬ:
ಹಗ್ಗ ಬಿಟ್ಟು ಅಳೆದೆ. ಬಾವಿ ಕಟ್ಟೆಯಿಂದ ನೀರಿಗೆ 24 ಅಡಿ, ತಳಕ್ಕೆ 30. ಒಂದು ಚೊಂಬು ಕುಡಿಸಿದ್ರೂ ಪಂಪು ಮೇಲೇಳ್ಲಿಲ್ಲ. ಅಂದ್ರೆ ಆರಡಿ ನೀರು ಸುಮ್ನೆ ಕೂತಿದೆ!

ಬಾವಿಕಟ್ಟೆ:
ಬಾವಿ ಅಗಲ ಎಷ್ಟು? ಐದಡಿ ಇದ್ರೂ ಆರಡಿ ನೀರು ಅಂದ್ರೆ ಮೂರು ಸಾವಿರ ಲೀಟರ್ ಮೇಲೆ. ಎರಡು ಜನಕ್ಕೆ ಹೊಸ ಬೋರು ಯಾಕೆ? ಒಂದು ಸಣ್ಣ ಓಪನ್‌ವೆಲ್ ಮೋಟ್ರು ನೀರೊಳಗೇ ಇಳಿಸಿ, ಕೆಳಗಿಂದ ತಳ್ಳೋದಕ್ಕೆ ಈ 20 ಅಡಿ ಲೆಕ್ಕ ಇಲ್ಲ. ಕರೆಂಟು ಹೋದಾಗ ಅಂತ ಹ್ಯಾಂಡ್ ಪಂಪು ಹಾಗೇ ಇರ್ಲಿ, ಜೂನ್ ಬಂದ್ರೆ ಅದು ತಾನೇ ಸರಿ ಹೋಗುತ್ತೆ.

ಗಾಳಿಬೀಡು_ಹೊಸಬ:
ಅಗಲ ಐದೂವರೆ. ಕೆಳಗಿನ ಪಂಪಲ್ಲಿ 40 ಸಲಕ್ಕೆ ಬಂದಿದ್ದು ಆರು ಲೀಟರ್, ವಾಸರ್ ಬಗ್ಗೆ ಮೆಕ್ಯಾನಿಕ್ ಹೇಳಿದ್ದು ಸರಿಯೇ ಇತ್ತು. ಶನಿವಾರ ಪೈಪ್ ಎತ್ತಿಸ್ತಿದೀನಿ, ಪಕ್ಕದಲ್ಲೇ ನಿಂತಿರ್ತೀನಿ.